ತೊಟ್ಟಿಲ ಗಾಡಿ

3 ನವೆಂಬರ್ 1969
ಸ್ಕೂಲಿನಲ್ಲಿ ಎಂಟನೆಯ ಕ್ಲಾಸಿಗೆ ಹೂಜಿಯ ಚಿತ್ರ ಬಿಡಿಸಲು ಕೊಟ್ಟೆ. ಸಂಜೆ ಸೈಕಲ್ಲಿಗೆ ಗಾಳಿ. ಹೆಂಡತಿ ದಾಕ್ಷಾಯಣಿಗೆ ಏಳು ತಿಂಗಳು ತುಂಬಿತು. ಈ ಸಲ ನನಗೇನೂ ಭಯವಿಲ್ಲ ಎಂದೆ ಅವಳಿಗೆ. ಸುಳ್ಳು.

ಹೋದ ಸಲ ನೋವು ಶುರುವಾದ ಮೇಲೆ ಎತ್ತಿನ ಗಾಡಿಯಲ್ಲಿ ಬಳ್ಳಾರಿ ಆಸ್ಪತ್ರೆಗೆ ಹೊರಟಿದ್ದೆವು. ಕೊಳಗಲ್ಲಿನ ಹತ್ತಿರವೇ ಎಲ್ಲ ಮುಗಿದುಹೋಯಿತು. ಗಂಡು ಮಗು. ಎತ್ತಿನ ಕೊರಳ ಗಂಟೆ ಕೇಳಿದರೆ ಈಗಲೂ ಕಿಟಕಿ ಮುಚ್ಚಿಬಿಡುತ್ತೇನೆ.

ಸಿರುಗುಪ್ಪದ ರೈಸ್ ಮಿಲ್ಲಿನ ಚಿದಾನಂದಪ್ಪನವರ ಬಳಿ ಯುದ್ಧಕಾಲದ ಮಿಲಿಟರಿ ಮೋಟರ್ ಸೈಕಲ್ ಇದೆಯಂತೆ. ಎಡಕ್ಕೆ ತೊಟ್ಟಿಯಂಥ ಸೈಡ್‌ಕಾರು, ಒಂದೇ ಗಾಲಿ. ಮಾರಬೇಕೆಂದರೂ ಕೊಳ್ಳುವವರೇ ಇಲ್ಲವಂತೆ. ಆದರೆ ಸೈಡ್‌ಕಾರಿನಲ್ಲಿ ಒಬ್ಬರು ಕಾಲು ಚಾಚಿ ಒರಗಬಹುದು...

9 ನವೆಂಬರ್
ನೋಡಿ ಬಂದೆ. ದೊಡ್ಡ ಪ್ರಾಣಿ. ಮಿಲ್ಲಿನ ಫಿಟ್ಟರ್ ಓಬಳೇಶ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಡಿಸಿದ. ಎಡಕ್ಕೆ ತಿರುಗಿದ್ದೇ ತಡ, ಖಾಲಿ ಸೈಡ್‌ಕಾರು ಗಾಲಿ ಸಮೇತ ಮೇಲೆದ್ದಿತು. ಕಣ್ಣು ಮುಚ್ಚಿಕೊಂಡೆ.

"ಕಣ್ಣ ತೆಗೀರಿ ಮಾಸ್ತರ! ತೂಕ ಇಲ್ಲಂದ್ರ ಹಿಂಗ ಏಳತೈತಿ. ಅದಕ್ಕ ಎಲ್ಲಾರೂ ಅಂಜತಾರ. ನಿಮ್ಮ ಮನಿಯಾಕಿ ಕುಂತ್ರ ಏಳಂಗಿಲ್ಲ."

ಅವಳನ್ನು ಕೂರಿಸಿಕೊಂಡು ಇದನ್ನು ನಾನು ಓಡಿಸುವುದೆ? ಸೀಮೆಸುಣ್ಣ ಹಿಡಿಯುವ ಕೈ.

10 ನವೆಂಬರ್
ಬೇಡ.

11 ನವೆಂಬರ್
ಬೇಡವೆಂದರೆ ಮತ್ತೆ ಎತ್ತಿನ ಗಾಡಿ. ಮತ್ತೆ ಅದೇ ದಾರಿ.

16 ನವೆಂಬರ್
ಮನೆಯಲ್ಲಿ ಹೇಳಿದೆ.

"ರೀ, ನಿಮಗ ಓಡಸಾಕ ಬರತೈತೇನ್ರಿ?" ಎಂದಳು ದಾಕ್ಷಾಯಣಿ.

"ಕಲೀತೀನಿ."

"ಅಂಜಿಕಿ ಆಗಂಗಿಲ್ಲೇನು?"

"ಆಗತೈತಿ."

ನಕ್ಕಳು. "ನನಗೂ ಆಗತೈತಿ. ತಗೊಳ್ರಿ."

ಅವ್ವ ಒಪ್ಪಲಿಲ್ಲ. ಸಿರುಗುಪ್ಪದವರು ಅದನ್ನು ತೊಟ್ಟಿಲ ಗಾಡಿ ಅನ್ನುತ್ತಾರೆಂದು ಬಾಯಿ ತಪ್ಪಿ ಹೇಳಿಬಿಟ್ಟೆ.

"ಕೂಸು ಹುಟ್ಟಾಕ ಮೊದಲ ಮನಿಗೆ ತೊಟ್ಲಾ ತರತೀಯೇನಲೇ? ಅದೂ ಖಾಲಿ ತೊಟ್ಲಾ ತೂಗಿಕೊಂತ?"

"ಅದು ಕಬ್ಬಿಣದ್ದು, ಅವ್ವಾ. ಗಾಲಿ ಐತಿ."

"ಹೋದ ಸಲಾನೂ ಮೊದಲ ತಂದು ಕಟ್ಟಿದ್ದಿ."

ಹೌದು, ಕಟ್ಟಿದ್ದೆ. ಬಣ್ಣ ಬಳಿದು, ಗಿಳಿ ಬರೆದು. ಅದಕ್ಕೇ ಹಾಗಾಯಿತೆಂದು ನಾನು ನಂಬುವುದಿಲ್ಲ. ಆದರೂ ಎದ್ದು ಹೊರಗೆ ಹೋದೆ.

7 ಡಿಸೆಂಬರ್
ಭಾನುವಾರಗಳೆಲ್ಲ ಮಿಲ್ಲಿನ ಕಣದಲ್ಲಿ ಕಲಿತೆ. ಒಮ್ಮೆ ಹೊಟ್ಟಿನ ರಾಶಿಗೆ ನುಗ್ಗಿಸಿದೆ. ಇವತ್ತು ಮೋಟರ್ ಸೈಕಲ್ ಮನೆಗೆ ಬಂತು. ಸೈಡ್‌ಕಾರು ಬರಲಿಲ್ಲ. ಅವ್ವನ ಮಾತಿಗೆ ಅಂಜಿ, ಬೋಲ್ಟು ಬಿಚ್ಚಿಸಿ ಮಿಲ್ಲಿನ ಶೆಡ್ಡಿನಲ್ಲೇ ಬಿಟ್ಟೆ.

ಓಬಳೇಶ ನನ್ನ ಮುಖವನ್ನೇ ನೋಡಿದ. "ಇದರ ಸಲುವಾಗಿ ತಗೊಂಡ್ರಿ, ಇದನ್ನ ಬಿಟ್ಟು ಹೊಂಟ್ರಿ?"

ಇನ್ನೂ ತಿಂಗಳಿದೆಯಲ್ಲ. ಹೊಸ ವರ್ಷಕ್ಕೆ ಮೊದಲು ಬಂದು ಹಾಕಿಸಿಕೊಳ್ಳುತ್ತೇನೆ ಎಂದೆ. ಅವ್ವ ಗಾಡಿಗೆ ಕುಂಕುಮ ಹಚ್ಚಿದಳು. ನನಗೆ ಮಾತ್ರ ಸಮಾಧಾನವಿಲ್ಲ.

18 ಡಿಸೆಂಬರ್. ಮಧ್ಯಾಹ್ನ. ಸಿರುಗುಪ್ಪ, ಮಿಲ್ಲು
ಬೆಳಿಗ್ಗೆ ದಾಕ್ಷಾಯಣಿಗೆ ನೋವು ಬಂತು, ನೀರೊಲೆಯ ಮುಂದೆ ಕುಸಿದು ಕೂತಳು. ದಿನ ತುಂಬಿಲ್ಲ. ಬಳ್ಳಾರಿ ಬಸ್ಸು ಆಗಲೇ ಹೋಗಿತ್ತು. ಹಿಂದಿನ ಸೀಟಿನಲ್ಲಿ ಕೂರಿಸಲು ನೋಡಿದೆವು. ಆಗಲಿಲ್ಲ. ನನ್ನ ಹೆಗಲು ಹಿಡಿದು ಕಿರುಚಿದಳು. ಹಾಳು ಮೋಟರ್ ಸೈಕಲ್ ಬಾಗಿಲಲ್ಲೇ ಇದೆ, ಅವಳು ಕೂರುವ ಜಾಗ ಸಿರುಗುಪ್ಪದಲ್ಲಿ!

ಎತ್ತಿನ ಗಾಡಿ ಕಟ್ಟಿಸಿದೆ. ಅವ್ವ ಜೊತೆಗೆ ಹೋಗಿದ್ದಾಳೆ. ಸೈಡ್‌ಕಾರು ಹಾಕಿಸಿಕೊಂಡು ಬಂದು ದಾರಿಯಲ್ಲೇ ಹಿಡಿಯುತ್ತೇನೆ ಎಂದೆ. ನಾನು ಕಿಕ್ ಹೊಡೆಯುವಾಗ ಅವ್ವ ಗಾಡಿಯೊಳಗಿಂದ ಕೂಗಿದಳು: "ಆ ತೊಟ್ಲಾ ತಗೊಂಡು ಬಾರೋ ಮಗನ... ನಂದ ತಪ್ಪಾತು, ಲಗೂನ ಬಾರೋ!"

ಮಿಲ್ಲಿನ ಲಾರಿ ಅದೋನಿಗೆ ಹೋಗಿದೆ. ಓಬಳೇಶ ಬೋಲ್ಟು ಬಿಗಿಯುತ್ತಿದ್ದಾನೆ. ಸ್ಪ್ಯಾನರು ಹಿಡಿಯಲು ಹೋದೆ, ತಪ್ಪು ಬೋಲ್ಟಿಗೆ ಹಾಕಿದೆ. ದೂರ ಕುಂದರ್ರಿ ಎಂದ. ಸ್ಕೂಲ್ ಚೀಲದಲ್ಲಿ ಈ ಡೈರಿ ಸಿಕ್ಕಿತು, ಬರೆಯುತ್ತಿದ್ದೇನೆ. ಬರೆಯದಿದ್ದರೆ ಅತ್ತುಬಿಡುತ್ತೇನೆ.

ಬಿಗಿದಾಯಿತು. ಖಾಲಿ. ದಾರಿಯುದ್ದಕ್ಕೂ ಖಾಲಿ ಎಗರುತ್ತದೆ. ಎಡ ತಿರುವಿನಲ್ಲಿ ಎದ್ದರೆ? ಏನು ಹೇಳಲಿ, ತೂಕದ ಭಯಕ್ಕಿಂತ ಖಾಲಿ ತೊಟ್ಟಿಲೆಂಬ ಅವ್ವನ ಮಾತಿನ ಭಯವೇ ಹೆಚ್ಚು. ಚಿದಾನಂದಪ್ಪನವರಿಗೆ ಹೇಗೆ ತಿಳಿಯಿತೋ. ಹಮಾಲರನ್ನು ಕೂಗಿದರು. ಹಬ್ಬದಲ್ಲಿ ಪಂದ್ಯ ಕಟ್ಟಿ ಎತ್ತುವ ಗುಂಡುಕಲ್ಲನ್ನು ಇಬ್ಬರು ಹೊತ್ತು ತಂದು ಒಳಗಿಟ್ಟರು. ಸುತ್ತ ಗೋಣಿಚೀಲ ಒತ್ತಿದರು.

"ಹೆಸರಿಡೋ ಮುಂದ ಕೂಸಿಗಿಂತ ಮೊದಲ ತೊಟ್ಲಾಗ ಗುಂಡುಕಲ್ಲು ಮಲಗಸಂಗಿಲ್ಲೇನ್ರಿ ಮಾಸ್ತರ?" ಎಂದರು. "ಇದೂ ಅಷ್ಟ. ಇನ್ನ ಖಾಲಿ ಅಲ್ಲ ಇದು. ನಡೀರಿ."

ಓಬಳೇಶ ಸ್ಟಾರ್ಟ್ ಮಾಡಿದ. ಕರೆಯುತ್ತಿದ್ದಾನೆ. ಎತ್ತಿನ ಗಾಡಿ ಇಷ್ಟೊತ್ತಿಗೆ ಅದೇ ಕೊಳಗಲ್ಲಿನ ಹತ್ತಿರ—