ರಾತ್ರಿ ಊಟಕ್ಕೆ ಬಾರದವನ ಹಾಜರಿ

ಮಾನ್ಯ ರಿಜಿಸ್ಟ್ರಾರ್ ಸಾಹೇಬರೇ,

ಬರುವ ತಿಂಗಳ ಎಂ.ಕಾಂ., ಲಾ ಪರೀಕ್ಷೆಗಳೆರಡಕ್ಕೂ ನಾನು ಕೂರಕೂಡದೆಂದು ನೀವು ಆಜ್ಞೆ ಮಾಡಿದ್ದೀರಿ. ನನ್ನ ಅಪರಾಧ, ನಾನು ರಾತ್ರಿ ಊಟ ಮಾಡುವುದಿಲ್ಲ. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರು ನಗಬಾರದು, ಇದು ಮೊಹರು ಬಿದ್ದ ತೀರ್ಪು. ನೀವು ಉತ್ತರ ದೇಶದ ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಕೂತಿದ್ದರೂ ಹಾಸನದ ಪಕ್ಕದ ಮೊಸಳೆ ಎಂಬ ಊರಿನಲ್ಲಿ ಬೆಳೆದವರಂತೆ. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅರ್ಥವಾಗಲಿಲ್ಲ ಎಂದು ಈ ಸಲ ನೀವು ಜಾರಿಕೊಳ್ಳುವಂತಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಲಾ ಕಾಲೇಜಿಲ್ಲವೆಂದು ಅಷ್ಟು ದೂರ ಬಂದವನು ನಾನು. ಹಗಲು ಎಂ.ಕಾಂ., ಸಂಜೆ ಲಾ. ಎರಡನ್ನೂ ಒಟ್ಟಿಗೆ ಓದಬಹುದೆಂದು ನಿಮ್ಮ ನಿಯಮವೇ ಹೇಳುತ್ತದೆ. ಇದು ನನ್ನ ಶೋಕಿಯಲ್ಲ. ಚನ್ನರಾಯಪಟ್ಟಣದಲ್ಲಿ ನಮ್ಮ ತಂದೆ ಜಿನರಾಜಯ್ಯನವರ ಕೊಬ್ಬರಿ ಮಂಡಿಯಿತ್ತು. ಪಾಲುದಾರರು ತಗಾದೆ ತೆಗೆದು ಹಾಸನದ ಕೋರ್ಟಿಗೆ ಎಳೆದರು. ನಮ್ಮ ವಕೀಲರಿಗೆ ಕಾನೂನು ಗೊತ್ತಿತ್ತು, ವ್ಯಾಪಾರದ ಗಂಧವಿರಲಿಲ್ಲ. ಗುಮಾಸ್ತ ದೊಡ್ಡಯ್ಯನಿಗೆ ವ್ಯಾಪಾರ ಕರತಲಾಮಲಕ, ಸಾಕ್ಷಿಕಟ್ಟೆ ಹತ್ತಿದೊಡನೆ ನಾಲಿಗೆ ಹೊರಳಲಿಲ್ಲ. ಇಬ್ಬರ ನಡುವೆ ಮಂಡಿ ಕೈಬಿಟ್ಟುಹೋಯಿತು. ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತ ನಮ್ಮ ತಂದೆ, "ಎರಡೂ ಬಲ್ಲೋನು ಒಬ್ಬ ಇದ್ದಿದ್ರೆ ಸಾಕಿತ್ತು ಕಣ್ಲಾ" ಅಂದರು. ಆ ಒಬ್ಬ ನಾನಾಗಬೇಕೆಂದು ಹೊರಟೆ.

ಎರಡು ತರಗತಿಗಳಲ್ಲೂ ನನ್ನ ಹಾಜರಿ ಪೂರ್ತಿಯಿತ್ತು. ಅದೇ ನಿಮಗೆ ಅನುಮಾನ ತಂದಿತು! ಚಕ್ಕರ್ ಹೊಡೆದವನಿಗೆ ವೈದ್ಯರ ಚೀಟಿ ನೋಡಿ ಕ್ಷಮಾದಾನ, ತಪ್ಪದೆ ಬಂದವನಿಗೆ ವಿಚಾರಣೆ. ಹಾಸ್ಟೆಲಿನ ಅಡಿಗೆಮನೆಯವರನ್ನು ಕರೆಸಿದಿರಿ. ಈ ಮನುಷ್ಯ ರಾತ್ರಿ ಪಂಕ್ತಿಯಲ್ಲಿ ಕಂಡದ್ದೇ ಇಲ್ಲ ಎಂದು ಅವರು ಹೇಳಿದರು. ಸತ್ಯವನ್ನೇ ಹೇಳಿದರು. ನೀವು ಮಾತ್ರ ಅದರಿಂದ, ಇವನು ಊರಲ್ಲೇ ಇಲ್ಲ, ಇವನ ಹೆಸರಿನಲ್ಲಿ ಬೇರೆ ಯಾರೋ ಹಾಜರಿ ಕೂಗುತ್ತಾರೆ ಎಂಬ ತೀರ್ಮಾನಕ್ಕೆ ಬಂದಿರಿ. ನಾನು ದಿನವೂ ಯಾರ ಮುಂದೆ ಕೂರುತ್ತಿದ್ದೆನೋ ಆ ಅಧ್ಯಾಪಕರನ್ನು ಕೇಳಬೇಕೆಂದು ನಿಮಗೇಕೆ ತೋಚಲಿಲ್ಲ?

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಎರಡು ತರಗತಿಗಳ ನಡುವೆ ಜಗಲಿಯಲ್ಲಿ ಕೂತು ಮೊಸರವಲಕ್ಕಿ ತಿಂದುಬಿಡುತ್ತೇನೆ ಎಂದು ಕೈಮುಗಿದು ಹೇಳಿದೆ. ನೀವು ನಕ್ಕಿರಿ. "ಇಷ್ಟು ಓದಿಯೂ ಇಂಥ ಕತೆ ಕಟ್ತೀಯೇನಯ್ಯ?" ಎಂದಿರಿ. ಬೇರೆ ಸೀಮೆಯವರು ನಕ್ಕಿದ್ದರೆ ಸಹಿಸುತ್ತಿದ್ದೆ. ಬೆಳಗೊಳ, ಜಿನನಾಥಪುರ ಇರುವ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದು ಗೊತ್ತಿಲ್ಲವೇ? ನಿಮ್ಮ ಜೊತೆ ಓದಿದ ಒಬ್ಬ ಜೈನರ ಹುಡುಗನೂ ಸಂಜೆ ಆಟ ಬಿಟ್ಟು ಊಟಕ್ಕೆ ಓಡಲಿಲ್ಲವೇ? ನನಗೆ ನೋವಾದದ್ದು ಅಲ್ಲಿ.

ಕೊನೆಗೆ, ನಾನು ರಾತ್ರಿ ಉಣ್ಣುವವನಲ್ಲ ಎಂದು ನಮ್ಮ ತಾಲ್ಲೂಕಿನ ಅಮಲ್ದಾರರಿಂದ ಪ್ರಮಾಣಪತ್ರ ತರಬೇಕೆಂದಿರಿ. ಪರೀಕ್ಷೆಗೆ ಓದುವುದು ಬಿಟ್ಟು ರೈಲು ಹತ್ತಿ ಬಂದೆ. ಅಮಲ್ದಾರರು ಕನ್ನಡಕ ತೆಗೆದು, "ಉಂಡಿದ್ದಕ್ಕಾದ್ರೆ ಸಾಕ್ಷಿ ಹಾಕಬಹುದು ಕಣಯ್ಯ, ಉಣ್ಣದ್ದಕ್ಕೆ ಎಲ್ಲಿಂದ ಬರ್ಕೊಡ್ಲಿ?" ಎಂದು ಹಾಸನಕ್ಕೆ ಸಾಗಹಾಕಿದರು. ಹಾಸನದ ಕಚೇರಿಯವರು ಇದು ಅಮಲ್ದಾರರ ಕೆಲಸವೆಂದು ವಾಪಸು ಕಳಿಸಿದರು. ಬಸ್ಸು ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಉಪವಾಸವಿರುತ್ತೇನೆಂದು ಸಾಬೀತು ಮಾಡಲು ಹೋಗಿ ಉಪವಾಸ ಮಲಗಿದೆ.

ಸಾಹೇಬರೇ, ನನಗೆ ನಿಮ್ಮ ಕರುಣೆ ಬೇಡ. ಅಧ್ಯಾಪಕರನ್ನು ಕರೆಸಿ, ನನ್ನನ್ನು ಅವರ ಮುಂದೆ ನಿಲ್ಲಿಸಿ, ಎರಡೂ ಪರೀಕ್ಷೆಗಳ ಪ್ರವೇಶಪತ್ರ ಕೊಡಿ. ಅವರ ಮಾತಿನಲ್ಲೂ ನಂಬಿಕೆ ಇಲ್ಲದಿದ್ದರೆ ನಮ್ಮ ಮನೆಗೇ ಬನ್ನಿ. ನಮ್ಮ ತಾಯಿ ಅನಂತಮ್ಮನವರು ಆಗಲೇ ಆಹ್ವಾನ ಕೊಟ್ಟಿದ್ದಾರೆ: "ಒತ್ತು ಮುಳುಗೋದ್ರೊಳಗೆ ಬಂದ್ಬುಡಕ್ಕೇಳು ಮಗ, ಎಲೆ ಆಕ್ತೀನಿ. ತಡವಾದ್ರೆ ಎಷ್ಟು ದೊಡ್ಡೋರಾದ್ರೂ ಇಕ್ಕಾಕಿಲ್ಲ."

ತಡಮಾಡಬೇಡಿ. ನಮ್ಮ ಪಂಕ್ತಿಯಲ್ಲಿ ನೀವು ಕಾಣದೆಹೋದರೆ, ಆ ಹೆಸರಿನ ರಿಜಿಸ್ಟ್ರಾರರು ಲೋಕದಲ್ಲೇ ಇಲ್ಲ, ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತು ರುಜು ಹಾಕುತ್ತಿದ್ದಾರೆ ಎಂದು ನಾನೂ ತೀರ್ಮಾನಿಸಬೇಕಾಗುತ್ತದೆ.

ಇಂತಿ,
ಎರಡು ತರಗತಿಗಳಿಗೆ ಹಾಜರಾಗಿ, ಒಂದು ಊಟಕ್ಕೆ ಗೈರಾದ ಅಪರಾಧಿ,
ವಿಮಲಕುಮಾರ
ಚನ್ನರಾಯಪಟ್ಟಣ, ೧೯೪೧