ಸ್ಪೀಕರಿಗೆ ಹೊಲಿದ ಅಂಗಿ

ಮನೆಯಿಂದ,
ಹದಿನಾರನೇ ತಾರೀಖು, ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಡಾಕ್ಟ್ರಮ್ಮಾ,

ಹೇಗಿದ್ದೀಯಮ್ಮಾ? ದಿನವಿಡೀ ಬಗ್ಗಿ ಬಗ್ಗಿ ಜನರ ಕಣ್ಣು ನೋಡಿ ಕತ್ತು ಹಿಡಿದುಕೊಂಡಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯೇ? ನಿಮ್ಮ ಆಸ್ಪತ್ರೆಯ ಸ್ಟೂಲು ನಿನ್ನ ಎತ್ತರಕ್ಕೆ ಸಾಲದು ಎಂದು ನನ್ನ ಗುಮಾನಿ. ಕೂತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಬಾರದಿದ್ದರೆ ಒಂದು ದಿಂಬು ಹಾಕಿಕೋ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವನ ಮಾತು, ಇದೊಂದನ್ನಾದರೂ ಕೇಳು. ಇಲ್ಲಿ ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ಅತ್ತೆಯ ರಕ್ತದೊತ್ತಡ ಹದದಲ್ಲಿದೆ. ನೀನು ಬರೆದುಕೊಟ್ಟ ನಂಬರಿನ ಕನ್ನಡಕ ಹಾಕಿಕೊಂಡು ನಾನು ಈಗಲೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ. ನಾನು ಡಾಕ್ಟರಲ್ಲ ಮಾವ, ಬರೀ ಕಣ್ಣು ಪರೀಕ್ಷೆ ಮಾಡುವವಳು ಎಂದು ನೂರು ಸಲ ಹೇಳಿದ್ದೀಯ. ಆದರೆ ಸೊಸೆಯಾಗಿ ಬಂದ ಮೊದಲ ವಾರವೇ ಮಾವನ ಕನ್ನಡಕ ತಪ್ಪು ಎಂದು ಮುಖಕ್ಕೆ ಹೇಳಿದವಳನ್ನು ಇನ್ನೇನೆಂದು ಕರೆಯಲಿ?

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ನೀನು ಎರಡು ವಿಷಯ ಬರೆದಿದ್ದೆ. ಒಂದು, ನಮ್ಮ ಮಗ ಹಾಡು ಕೇಳುತ್ತಿದ್ದ ಸ್ಪೀಕರುಗಳೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವುದು ಬೇಡ, ಯಾರಿಗಾದರೂ ಕೊಟ್ಟುಬಿಡಿ ಎಂದು. ಇನ್ನೊಂದು, ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಕನ್ನಡಕ ಮಾಡುವವರು ನಿನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದಾರೆ, ನಿನಗೂ ಮನಸ್ಸಿದೆ, ಆದರೆ ಅತ್ತೆ ಒಪ್ಪದೆ ಹೂಂ ಎನ್ನುವುದಿಲ್ಲ ಎಂದು. ನಾನೇ ಗಟ್ಟಿಯಾಗಿ ಓದಿದೆ. ನಿನ್ನ ಅತ್ತೆ ಕೊನೆಯವರೆಗೂ ಕೇಳಿದಳು, ಕಾಗದ ಈಸಿಕೊಂಡು ತಾನೊಂದು ಸಲ ಓದಿದಳು, ನಾಲ್ಕಾಗಿ ಮಡಿಸಿ ಗುಂಡಿಗಳ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅಲ್ಲಿಂದಾಚೆಗೆ ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ನಾನು ಎರಡು ಸಲ ಮಾತು ತೆಗೆದೆ. ಎರಡು ಸಲವೂ ಅವಳಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಎರಡನೆಯ ಸಲವಂತೂ ಒಲೆ ಹಚ್ಚಿಯೇ ಇರಲಿಲ್ಲ.

ಅದು ಕೋಪವಲ್ಲ, ಅದೊಂದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಅವಳ ಕೋಪ ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಪಾತ್ರೆಗಳ ಸದ್ದಿರುತ್ತದೆ. ಇದು ಭಯ. ಮಗನ ವಿಷಯ ಗಂಟೆಗಟ್ಟಲೆ ಮಾತಾಡಲು ಅವಳಿಗಿರುವುದು ನೀನೊಬ್ಬಳೇ. ನನ್ನ ಹತ್ತಿರ ಆಡಲು ಹೋದರೆ ನಾನು ಎದ್ದು ಅಂಗಡಿಗೆ ಹೋಗುತ್ತೇನೆ. ಪ್ರತಿ ಭಾನುವಾರ ಫೋನಿನಲ್ಲಿ ನೀವಿಬ್ಬರೂ ಅವನ ಸೋಮಾರಿತನ, ಅವನ ಹರಕು ಚಪ್ಪಲಿ ಎಂದು ನಗುತ್ತೀರಲ್ಲ, ಆ ಫೋನು ನಿಂತುಹೋಗುತ್ತದೇನೋ ಎಂದು ಅವಳ ಜೀವ ಬಾಯಿಗೆ ಬಂದಿದೆ. ಆದ್ದರಿಂದ ಎರಡನೆಯ ವಿಷಯಕ್ಕೆ ಕೈ ಹಾಕಲು ಧೈರ್ಯ ಸಾಲದೆ ನಾನು ಮೊದಲನೆಯದನ್ನು ಕೈಗೆತ್ತಿಕೊಂಡೆ.

ಎದುರಿನ ಟಿವಿ ರಿಪೇರಿಯವರನ್ನು ಕರೆದು, ಇದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಅವರು ಪೆಟ್ಟಿಗೆಯೊಳಗೆ ಇಣುಕಿ, “ಕೆಲಸ ಮಾಡತ್ತಾ?” ಎಂದು ಕೇಳಿದರು. ತೊಡಿಸಿ ನೋಡದೆ ಒಂದು ಕೋಟನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ ನಾನು. ಮಗನ ವಸ್ತು ಕೆಟ್ಟಿದೆಯೋ ಚೆನ್ನಾಗಿದೆಯೋ ಗೊತ್ತಿಲ್ಲದೆ ಹೇಗೆ ದಾಟಿಸಲಿ? ಎರಡು ದಿನ ಕೊಡಿ, ಜೋಡಿಸಿ ನೋಡಿ ಕೊಡುತ್ತೇನೆ ಎಂದೆ. ಅವರು ನಕ್ಕರು. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ, ಅಷ್ಟು ನೆನಪಿಟ್ಟುಕೊಳ್ಳಿ ಎಂದು ಹೇಳಿ ಹೋದರು.

ಅಡುಗೆಮನೆಗೆ ಅಂಟಿದ ಅವನ ಕೋಣೆಯ ಬಾಗಿಲು ತೆಗೆದೆ. ಅವನು ತೀರಿಕೊಂಡ ಮೇಲೆ ಈ ಒಂದೂವರೆ ವರ್ಷ ನಿನ್ನ ಅತ್ತೆ ಅದರೊಳಗೆ ಕಾಲಿಟ್ಟಿಲ್ಲ, ಧೂಳು ಹೊಡೆಯುವುದೂ ನಾನೇ. ಅವನ ಮೇಜು, ಕಂಪ್ಯೂಟರು, ಕುರ್ಚಿ ಎಲ್ಲ ಇದ್ದಲ್ಲೇ ಇವೆ. ಕಂಪ್ಯೂಟರಿನಿಂದ ಒಂದು ತಂತಿ ಅಂಗೈಯಗಲದ ಡಬ್ಬಿಗೆ, ಆ ಡಬ್ಬಿಯಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಎರಡು ಸ್ಪೀಕರಿಗೆ. ನಡುವಿನ ಆ ಡಬ್ಬಿ ಏನು ಮಾಡುತ್ತದೋ ನನಗೆ ಇಂದಿಗೂ ತಿಳಿಯದು, ಅದಿಲ್ಲದೆ ಕೆಲಸ ನಡೆಯದು ಎಂಬುದಷ್ಟೇ ತಿಳಿಯಿತು. ಸ್ಪೀಕರುಗಳನ್ನು ಅಚ್ಚುಕಟ್ಟಾಗಿರಲೆಂದು ಗೋಡೆಗೆ ಒತ್ತಿ, ಎರಡು ಮೂಲೆಗೆ ಎರಡು ಇಟ್ಟೆ. ಹಾಡು ಹಚ್ಚಿದರೆ ಖಾಲಿ ಡ್ರಮ್ಮಿನೊಳಗೆ ಯಾರೋ ಗದರಿದ ಹಾಗೆ ಗುಂಯ್ ಎಂದಿತು. ಸ್ಕ್ರೂ ಬಿಗಿ ಮಾಡಿದೆ, ತಂತಿ ಬದಲಿಸಿದೆ, ಏನೇನೂ ಆಗಲಿಲ್ಲ. ಕೊನೆಗೆ ರಿಪೇರಿಯವರು ಬಂದು, “ಗೋಡೆ ಬಿಟ್ಟು ಮುಂದಕ್ಕೆ ತನ್ನಿ ಸ್ವಾಮಿ, ಅದಕ್ಕೂ ಉಸಿರಾಡೋಕೆ ಜಾಗ ಬೇಕು” ಎಂದರು. ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಎಷ್ಟು ಅಂತರವೋ, ಪ್ರತಿಯೊಂದಕ್ಕೂ ಕೂತವನ ತಲೆಗೂ ಅಷ್ಟೇ ಅಂತರವಿರಬೇಕಂತೆ. ಕಿವಿಯ ಮಟ್ಟಕ್ಕೂ ಬರಬೇಕಂತೆ.

ಅಳತೆಯ ಮಾತು ಬಂದಮೇಲೆ ನನ್ನನ್ನು ಹಿಡಿಯುವವರು ಯಾರು? ಕೊರಳಲ್ಲೇ ಇದ್ದ ಟೇಪು ತೆಗೆದೆ. ಸ್ಪೀಕರಿಗೂ ಸ್ಪೀಕರಿಗೂ ಮೂವತ್ತಾರು ಅಂಗುಲ, ಅಲ್ಲಿಂದ ಕುರ್ಚಿಯ ಬೆನ್ನಿಗೆ ಮೂವತ್ತಾರು, ಇಲ್ಲಿಂದಲೂ ಮೂವತ್ತಾರು. ಮೇಜಿನ ಮೇಲೆ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಎತ್ತರಕ್ಕೆಂದು, ಇಸ್ತ್ರಿ ಮಾಡುವಾಗ ಹೊಲಿಗೆಯ ಕೆಳಗಿಡುವ ಎರಡು ಮರದ ದಿಮ್ಮಿಗಳನ್ನು ಅವುಗಳ ಕೆಳಗಿಟ್ಟೆ. ಎರಡನ್ನೂ ಕೂತವನ ಕಡೆಗೆ ಒಂಚೂರು ತಿರುಗಿಸಿದೆ. ಆಮೇಲೆ ಅವನ ಕುರ್ಚಿಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಅವನು ಸೇರಿಸಿಟ್ಟ ಹಾಡುಗಳಲ್ಲಿ ಒಂದನ್ನು ಒತ್ತಿದೆ. ಹಾಡುವವಳು ಎಡಗಡೆ ಸ್ಪೀಕರಿನಲ್ಲೂ ಇರಲಿಲ್ಲ, ಬಲಗಡೆಯದರಲ್ಲೂ ಇರಲಿಲ್ಲ. ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ, ನನ್ನ ಎದುರಿಗೆ ನಿಂತು ಹಾಡುತ್ತಿದ್ದಳು. ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ನಮ್ಮ ಹುಡುಗ ಎಷ್ಟು ಸಲ ಅಂಗಡಿಯ ಬಾಗಿಲಿಗೆ ಬಂದು “ಅಪ್ಪಾ, ಒಂದೇ ಒಂದು ಹಾಡು, ಇಲ್ಲಿ ಕೂತು ಕೇಳಿ ಬನ್ನಿ” ಎಂದು ಕರೆದಿದ್ದ! ಈ ಕಾಲರ್ ಮುಗಿಯಲಿ ಎನ್ನುತ್ತಿದ್ದೆ. ಕಾಲರ್ ಮುಗಿದರೆ ತೋಳು ಇರುತ್ತಿತ್ತು. ನಾನು ಅತ್ತುಬಿಟ್ಟೆ ಮಗಳೇ, ನಾಚಿಕೆಯಿಲ್ಲದೆ ಬರೆಯುತ್ತೇನೆ. ತುಂಬಾ ಹೊತ್ತು ಅಳುತ್ತಾ ಕೂತಿದ್ದೆ.

ಇನ್ನು ನನ್ನ ಮಹಾ ಪ್ರತಾಪ ಕೇಳು. ಮಾರನೆಯ ದಿನ ನೋಡಿದರೆ ಬೀದಿಯ ಧೂಳೆಲ್ಲ ಸ್ಪೀಕರಿನ ಮೇಲೆ. ಮುಂದುಗಡೆ ಆ ಕರಿಯ ಬಟ್ಟಲುಗಳು ಬತ್ತಲೆ ಕಾಣುತ್ತವೆ ಬೇರೆ. ಅಂಗಡಿಯಲ್ಲಿ ಉಳಿದ ಸೂಟಿನ ಬಟ್ಟೆಯಿತ್ತಲ್ಲ, ಬೂದು ಬಣ್ಣದ್ದು, ಅದರಲ್ಲಿ ಎರಡಕ್ಕೂ ಅಳತೆ ತೆಗೆದು ಕವರು ಹೊಲಿದೆ. ಬರೀ ಬಟ್ಟೆಯಾದರೆ ನಿಲ್ಲುವುದಿಲ್ಲವೆಂದು ಒಳಗೆ ಕ್ಯಾನ್ವಾಸು, ಅದರೊಳಗೆ ಲೈನಿಂಗು, ಅಂಚಿಗೆ ಪೈಪಿಂಗು. ಗಿರಾಕಿಯೊಬ್ಬರು ನೋಡಿ, ನನ್ನ ಮದುವೆಗೂ ನೀವು ಇಷ್ಟು ಚೆನ್ನಾಗಿ ಹೊಲಿದುಕೊಡಲಿಲ್ಲ ಎಂದರು. ಮೈಗೆ ಹಿಡಿದಂತೆ ತೊಡಿಸಿ ಹಾಡು ಹಚ್ಚಿದೆ. ಹಾಡುವವಳು ಪಕ್ಕದ ಮನೆಗೆ ಹೋಗಿ ಕಂಬಳಿ ಹೊದ್ದು ಮಲಗಿದ್ದಳು! ಮಗನ ವಸ್ತುವನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ಮೂರು ದಿನ ಊಟ ಸೇರಲಿಲ್ಲ. ಡಬ್ಬಿ ಬಿಚ್ಚಿದೆ, ತಂತಿ ಬಿಚ್ಚಿದೆ, ಟೇಪು ಹಿಡಿದು ಮೂವತ್ತಾರು ಅಂಗುಲವನ್ನು ಮತ್ತೆ ಮತ್ತೆ ಅಳೆದೆ, ಸದ್ದನ್ನು ಜೋರು ಮಾಡಿದೆ. ನಾನು ಹೊಲಿದ ಕವರಿನ ಕಡೆಗೆ ಮಾತ್ರ ನನ್ನ ಅನುಮಾನ ತಿರುಗಲೇ ಇಲ್ಲ. ಎಲ್ಲಾದರೂ ನನ್ನ ಹೊಲಿಗೆಯಲ್ಲಿ ದೋಷ ಬರುವುದುಂಟೇ!

ಮೂರನೆಯ ದಿನ ಮಧ್ಯಾಹ್ನ, ನಾನು ಮೇಜಿನ ಕೆಳಗೆ ತೂರಿಕೊಂಡು ತಂತಿ ಹುಡುಕುತ್ತಿದ್ದಾಗ, ಹೊಸ್ತಿಲಿನಲ್ಲಿ ನಿನ್ನ ಅತ್ತೆಯ ಕಾಲು ಕಂಡಿತು. ಒಂದು ಕ್ಷಣ ನಿಂತಿತು. ಆಮೇಲೆ ಒಳಗೆ ಬಂತು. ಒದ್ದೆ ಕೈಯನ್ನೂ ಒರೆಸಿಕೊಂಡಿರಲಿಲ್ಲ. “ಏನ್ರೀ ಇದು, ಮೂರು ದಿನದಿಂದ ಕೇಳ್ತಿದ್ದೀನಿ! ಅವನ ಹಾಡು ಹೀಗಿರಲಿಲ್ಲ. ಅದಕ್ಕೆ ಯಾಕೆ ಅಂಗಿ ತೊಡಿಸಿ ಉಸಿರು ಕಟ್ಟಿಸ್ತಿದ್ದೀರಿ? ತೆಗೀರಿ ಮೊದಲು!” ಎಂದಳು. ನಾನು ಕೆಳಗಿನಿಂದ ಎದ್ದು ಬರುವಷ್ಟರಲ್ಲಿ ತಾನೇ ಎರಡೂ ಕವರು ಕಿತ್ತು ಹಾಸಿಗೆಯ ಮೇಲೆ ಎಸೆದಳು. ಹಾಡು ಒಮ್ಮೆಲೇ ಕೋಣೆ ತುಂಬ ಬಂತು. ನಾನು ನಾಲಿಗೆ ಕಚ್ಚಿಕೊಂಡೆ. “ಅವನು ಇಷ್ಟು ಜೋರಾಗಿ ಇಡ್ತಿರಲಿಲ್ಲ” ಎಂದು ಸದ್ದನ್ನೂ ಅವಳೇ ತಗ್ಗಿಸಿದಳು. ಅವನಿದ್ದಷ್ಟು ವರ್ಷ ಅಡುಗೆಮನೆಯ ಗೋಡೆಯಾಚೆಯಿಂದ ಅವಳು ಪ್ರತಿದಿನ ಕೇಳಿದ್ದಾಳೆ, ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ನಾನು ಕುರ್ಚಿಯನ್ನು ಗುರುತಿನ ಮೇಲೆ ಸರಿಸಿದೆ. ಕೂತಳು. ಒಂದರ ಹಿಂದೊಂದು ಮೂರು ಹಾಡು ಕೇಳಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಬಂದು ಕೂರುತ್ತಾಳೆ. ನಿನ್ನೆ ಕೋಣೆ ತಾನೇ ಗುಡಿಸಿದಳು. ಆದ್ದರಿಂದ ಸ್ಪೀಕರನ್ನು ಯಾರಿಗೂ ಕೊಡುತ್ತಿಲ್ಲ, ನೀನು ಬೇಡ ಎನ್ನುವುದಿಲ್ಲ ಎಂದುಕೊಂಡಿದ್ದೇನೆ. ರಿಪೇರಿಯವರಿಗೆ ಒಂದು ಶರಟು ಹೊಲಿದುಕೊಟ್ಟು ರಾಜಿ ಮಾಡಿಕೊಂಡೆ.

ಆದರೆ ನಿನ್ನ ವಿಷಯ ಇನ್ನೂ ಗುಂಡಿಗಳ ಡಬ್ಬಿಯೊಳಗೇ ಇದೆ. ಇನ್ನು ಕಾಯಿಸುವುದು ತಪ್ಪೆಂದು ಇವತ್ತು ನನ್ನ ಪಾಲಿನ ಉತ್ತರ ಬರೆಯಲು ಕೂತಿದ್ದೇನೆ. ಮಗೂ, ನನಗೆ ಪೂರ್ತಿ ಒಪ್ಪಿಗೆ. ಬಾಯಿಮಾತಲ್ಲ. ನಿನಗೆ ಮೂವತ್ತೊಂದು ವರ್ಷ. ನೀನು ನಗುತ್ತಾ ಇರಬೇಕು, ನಿನ್ನ ಮಾತಿಗೆ ಎದುರು ಮಾತಾಡಲು ಮನೆಯಲ್ಲಿ ಒಬ್ಬರಿರಬೇಕು. ಅವನಿಗೂ ಇದೇ ಇಷ್ಟವಾಗುತ್ತಿತ್ತು ಎಂದು ದೊಡ್ಡ ಮಾತು ಬರೆಯಲಾರೆ, ಅವನಿದ್ದಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ನನ್ನ ಇಷ್ಟ ನಾನು ಹೇಳುತ್ತಿದ್ದೇನೆ. ಅತ್ತೆಯ ಪರವಾಗಿ ಮಾತ್ರ ಮಾತು ಕೊಡಲಾರೆ. ಅವಳ ಮೇಲೆ ಬೇಸರಪಡಬೇಡ. ಒಂದುವೇಳೆ ಅವಳ ಬಾಯಿಂದ ಹೂಂ ಬರದೇ ಹೋದರೂ ನೀನು ಮುಂದುವರಿ, ಮೀನಮೇಷ ಎಣಿಸಬೇಡ. ಅವಳ ಹೊಣೆ ನನಗಿರಲಿ.

ಕತ್ತಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ. ಆ ಕನ್ನಡಕದವರಿಗೆ, ಇನ್ನೂ ನೋಡದವರಿಗೆ ಏನೆಂದು ಬರೆಯುವುದೋ ತಿಳಿಯದು, ನಾನು ಕೇಳಿದೆನೆಂದು ಹೇಳು. ನಿನ್ನ ಮನೆ, ನಿನ್ನ ಕೆಲಸ, ನಿನ್ನ ದಿನಗಳು ಎಲ್ಲ ತಂಪಾಗಿರಲಿ ಎಂದು ಮನಸಾರೆ ಹರಸುತ್ತೇನೆ.

ಇತಿ,
ನಿನ್ನ ಮಾವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಅತ್ತೆ ಬಂದು ಕಾಗದ ಕಸಿದುಕೊಂಡಳು. ನಿಂತಲ್ಲೇ ಪೂರ್ತಿ ಓದಿ, “ನನ್ನ ಹೊಣೆ ಇವರಿಗಂತೆ!” ಎಂದು ಮೂಗು ಮುರಿದಳು. ಸೀದಾ ಅಂಗಡಿಗೆ ಹೋಗಿ ಅಳತೆ ಪುಸ್ತಕ ತಂದಳು. ನೀನು ನೋಡಿದ್ದೀಯಲ್ಲ, ಅದರಲ್ಲಿ ಯಾರ ಹೆಸರೂ ಇರುವುದಿಲ್ಲ, ಮುಂದಿನಿಂದ ಬ್ಯಾಂಕಿನವರು, ಬೇಕರಿಯವರು ಎಂದು ಗಿರಾಕಿಗಳು, ಹಿಂದಿನ ಹಾಳೆಗಳಲ್ಲಿ ಮನೆಯವರು. ಹಿಂದಿನ ಹಾಳೆ ತೆಗೆದು, ‘ಮಗ’ ಎಂದಿರುವುದರ ಪಕ್ಕದ ಖಾಲಿ ಜಾಗದಲ್ಲಿ ಗೆರೆ ಎಳೆದಿದ್ದಾಳೆ: ಕುತ್ತಿಗೆ, ಭುಜ, ಎದೆ, ತೋಳು. ಮದುವೆಯ ಕೋಟಿಗೆ ಅವರ ಅಳತೆ ಬೇಕಂತೆ, ಬೇಗ ಕಳಿಸಬೇಕಂತೆ. ಅಂದಾಜಿನದ್ದು ನಡೆಯುವುದಿಲ್ಲ, ನೀನೇ ಟೇಪು ಹಿಡಿದು ತೆಗೆಯಬೇಕಂತೆ. ಟಪಾಲಿಗೆ ಹೊತ್ತಾಯಿತು, ಒಂದೇ ಮಾತು. ಅಳತೆ ಯಾರದೆಂದು ಮೇಲೆ ಬರೆಯಬೇಕಲ್ಲ, ನನ್ನನ್ನು ಕೇಳಲಿಲ್ಲ. ಪೆನ್ಸಿಲು ಬೇಡವೆಂದು ನನ್ನ ಪೆನ್ನು ತೆಗೆದುಕೊಂಡು ತಾನೇ ಬರೆದಳು: ಅಳಿಯ.