ಹಿಂದಕ್ಕೆ ಪಡೆಯಬೇಕಾದ ಹೊಗೆಸೊಪ್ಪು

ಗಣಿ ಪರವಾನಗಿ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಮುಂದಿರುವ ಕಡತದ ಇನ್ನೂರ ಹದಿನಾಲ್ಕನೇ ಪುಟದಲ್ಲಿ, ಗಣಿಯ ಕೆಸರುಕಟ್ಟೆಯನ್ನು ಇನ್ನೂ ಒಂಬತ್ತು ಮೀಟರ್ ಎತ್ತರಿಸಲು ನನ್ನ ದೊಡ್ಡಮ್ಮ ಡೆಲ್ಫೀನ್ ಅಸಿನ್ ಒಪ್ಪಿದ್ದಾರೆ ಎಂದು ಬರೆದಿದೆ. ಅವರು ಒಪ್ಪಿಲ್ಲ. ಅವರನ್ನು ಯಾರೂ ಕೇಳಿಯೇ ಇಲ್ಲ. ಅದೇ ಪುಟದಲ್ಲಿ ಇನ್ನೂ ಹನ್ನೆರಡು ಮಂದಿ ಹಿರಿಯರ ಹೆಸರಿದೆ. ಅವರನ್ನೂ ಕೇಳಿಲ್ಲ. ಅವರಲ್ಲಿ ಇಬ್ಬರು ಈಗ ತೀರಿಕೊಂಡಿದ್ದಾರೆ. ಇನ್ನು ಮನಸ್ಸು ಬದಲಿಸುವ ಹಾಗಿಲ್ಲದ ಅವರ ಒಪ್ಪಿಗೆಯಂತೂ ಕಂಪನಿಗೆ ಬಹಳ ಅನುಕೂಲದ್ದು.

ಚಿನ್ನದ ಅದಿರನ್ನು ಅರೆದು ತೊಳೆದ ಮೇಲೆ ಉಳಿಯುವ ಬೂದು ಕೆಸರನ್ನು ತಡೆದು ನಿಲ್ಲಿಸಿರುವ ಆ ಮಣ್ಣಿನ ಗೋಡೆ ನಮ್ಮ ಓಗಾ ಸರೋವರದ ಮೇಲ್ಭಾಗದಲ್ಲಿದೆ. ಅದರ ಕೆಳಗೆ ನಮ್ಮ ಮನೆಗಳು. ಕಂಪನಿಯವರು ಜವಾಬ್ದಾರಿಯುಳ್ಳ ನೆರೆಯವರು, ಅದನ್ನು ಅಲ್ಲಗಳೆಯಲಾರೆ. ಶಾಲೆಯ ಮುಂದೆ ಒಂದು ಸೈರನ್ ಕಂಬ ನೆಟ್ಟಿದ್ದಾರೆ, ಅದರ ಮೇಲೆ ‘ಸ್ನೇಹದ ಕೊಡುಗೆ’ ಎಂಬ ಫಲಕವನ್ನೂ ಹಾಕಿದ್ದಾರೆ. ಗೋಡೆ ಒಡೆದರೆ ಕೆಸರು ನಮ್ಮ ಬಾಗಿಲಿಗೆ ಬರಲು ಹನ್ನೊಂದು ನಿಮಿಷ ಬೇಕು ಎಂದು ಅವರೇ ಹೇಳಿದ್ದಾರೆ. ಸೈರನ್ ಅಭ್ಯಾಸದ ದಿನ ದೊಡ್ಡಮ್ಮನ ಕೈಹಿಡಿದು ಚರ್ಚಿನ ದಿಬ್ಬ ಹತ್ತಿಸಿದವಳು ನಾನು. ಹತ್ತೊಂಬತ್ತು ನಿಮಿಷ ಹಿಡಿಯಿತು. ಉಳಿದ ಎಂಟು ನಿಮಿಷ ಎಂಬತ್ತೊಂದರ ಮುದುಕಿ ಏನು ಮಾಡಬೇಕೆಂದು ಫಲಕದಲ್ಲಿ ಬರೆದಿಲ್ಲ.

ಆದರೆ ನನ್ನ ದೂರು ಸೈರನ್ ಬಗ್ಗೆ ಅಲ್ಲ, ಹೊಗೆಸೊಪ್ಪಿನ ಬಗ್ಗೆ. ಆ ಕತೆಯಲ್ಲಿ ತಪ್ಪಿತಸ್ಥಳು ನಾನೂ ಹೌದು.

ಮೂರು ವರ್ಷದ ಹಿಂದೆ ಕಂಪನಿಯ ನೆರೆಹೊರೆ ಸಂಬಂಧ ಕಚೇರಿಯವರು ನಮ್ಮ ಅನಿಶಿನಾಬೆ ಮೂಲನಿವಾಸಿ ಜನರ ರೀತಿನೀತಿ ಕಲಿಸಿಕೊಡಿ ಎಂದು ನನ್ನನ್ನು ಕರೆದರು. ಸ್ನಾತಕೋತ್ತರ ಓದಿದವಳು, ಶಾಲೆಯಲ್ಲಿ ಪಾಠ ಹೇಳುವವಳು, ನನಗಿಂತ ತಕ್ಕವರು ಯಾರು? ಸಂತೋಷದಿಂದ ಹೋದೆ. ಹಿರಿಯರಿಂದ ಏನಾದರೂ ಬೇಕಾದರೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪು ಕೊಡಬೇಕು, ಅವರು ಅದನ್ನು ತೆಗೆದುಕೊಂಡರೆ ಕೇಳಿದ್ದಕ್ಕೆ ಒಪ್ಪಿದಂತೆ ಎಂದು ಹೇಳಿದೆ. ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದು ಎಂದೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಅಷ್ಟು ಶ್ರದ್ಧೆಯಿಂದ ಬರೆದುಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ನಮ್ಮ ಸಭಾಂಗಣದಲ್ಲಿ ಊಟ ಹಾಕಿಸಿದರು. ಮೂಸ್ ಜಿಂಕೆಯ ಮಾಂಸದ ಸಾರು, ಬ್ಯಾನಕ್ ರೊಟ್ಟಿ. ಬಾಗಿಲಲ್ಲಿ ಸಂಬಂಧಾಧಿಕಾರಿ ಟ್ಯಾನರ್ ನಿಂತು ಒಳಬರುವ ಪ್ರತಿ ಹಿರಿಯರ ಕೈಗೂ ಒಂದು ಕೆಂಪು ಪೊಟ್ಟಣ ಇಡುತ್ತಿದ್ದ. ಗೋಡೆಯ ಕೆಳಗಿನ ಹಳ್ಳದಲ್ಲಿ ಬಲೆ ಹಾಕುವ ಅಂಬ್ರೋಸ್ ಮಾವ ಪೊಟ್ಟಣ ಹಿಡಿದು ಅಲ್ಲೇ ನಿಂತರು.

“ಸೊಪ್ಪು ಕೊಟ್ಟ ಮೇಲೆ ಏನೋ ಕೇಳ್ಬೇಕಲ್ಲಪ್ಪ. ಏನ್ ಬೇಕು ನಿಂಗೆ? ನನ್ನ ಮಗಳಿಗೆ ಆಗ್ಲೇ ಮದ್ವೆ ಆಗಿದೆ.”

ಟ್ಯಾನರ್ ನಕ್ಕ. “ಏನೂ ಬೇಡ ತಾತ. ನೀವು ಬಂದ್ರಲ್ಲ, ಅದೇ ಖುಷಿ.”

“ಏನೂ ಬೇಡ್ವಂತೆ ಡೆಲ್ಫೀನ್,” ಎಂದರು ಮಾವ ನನ್ನ ದೊಡ್ಡಮ್ಮನಿಗೆ. “ಇಂಥ ಒಳ್ಳೆ ಅಳಿಯ ಎಲ್ಲಿ ಸಿಗ್ತಾನೆ?”

“ತಗೊಂಡು ಮುಂದೆ ನಡಿ. ಸಾರು ಆರ್ತಾ ಇದೆ,” ಎಂದು ದೊಡ್ಡಮ್ಮ ತಮ್ಮದನ್ನೂ ತೆಗೆದುಕೊಂಡರು. ಮನೆಗೆ ಬಂದ ಅತಿಥಿ ಕೈಚಾಚಿದಾಗ ಅದನ್ನು ತಳ್ಳುವುದು ನಮ್ಮಲ್ಲಿಲ್ಲ.

ಕಡತದಲ್ಲಿ ಆ ಊಟದ ಹೆಸರು ‘ಸಮಾಲೋಚನೆ’. ‘ಹದಿಮೂರು ಮಂದಿ ಹಿರಿಯರು ತಮ್ಮದೇ ಸಂಪ್ರದಾಯದ ಪ್ರಕಾರ ಹೊಗೆಸೊಪ್ಪು ಸ್ವೀಕರಿಸಿ ಯೋಜನೆಗೆ ಸಮ್ಮತಿ ನೀಡಿದರು’ ಎಂಬ ವಾಕ್ಯವಿದೆ. ಕವಿತೆ ಓದುವವಳಾದ್ದರಿಂದ, ಬರೆಯದೇ ಬಿಟ್ಟದ್ದರಲ್ಲಿ ಅರ್ಥ ಹುಡುಕುವುದು ನನಗೆ ರೂಢಿ. ಕಂಪನಿಯವರು ನನಗಿಂತ ಮುಂದೆ ಹೋಗಿದ್ದಾರೆ. ಕೇಳದೇ ಬಿಟ್ಟ ಪ್ರಶ್ನೆಗೆ ಉತ್ತರವನ್ನೇ ಹುಡುಕಿಕೊಂಡಿದ್ದಾರೆ. ನಿರ್ದೇಶಕರೇ, ನಿಮ್ಮ ಇಲಾಖೆಯಲ್ಲಿ ಆ ವಾಕ್ಯ ಓದಿದ ಯಾರಿಗೂ ‘ಹಿರಿಯರನ್ನು ಏನೆಂದು ಕೇಳಿದಿರಿ?’ ಎಂದು ಒಂದು ಸಾಲು ಬರೆಯಬೇಕೆನಿಸಲಿಲ್ಲವೇ? ನಮ್ಮ ಸಂಪ್ರದಾಯಕ್ಕೆ ನೂರು ವರ್ಷ ಸಿಗದಿದ್ದ ಗೌರವ ಅದೊಂದು ಪುಟದಲ್ಲಿ ಮಾತ್ರ ದೊರೆತದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲವೇ?

ಈ ವರ್ಷ ಜನವರಿಯಲ್ಲಿ ಆ ಪುಟ ನನ್ನ ಕೈಗೆ ಸಿಕ್ಕಿತು. ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಎದ್ದು ಡಬ್ಬಿಯಿಂದ ಆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಬಿಚ್ಚಿಯೇ ಇರಲಿಲ್ಲ. ಕೇಳಿದ್ದನ್ನು ಮಾಡಲಾಗದಿದ್ದರೆ ಕೊಟ್ಟವರ ಕೈಗೇ ಹೊಗೆಸೊಪ್ಪನ್ನು ಹಿಂದಿರುಗಿಸಬೇಕು. ಸುಟ್ಟರೆ, ನೀರಿಗೆ ಬಿಟ್ಟರೆ ಒಪ್ಪಿದ ಹಾಗೆಯೇ. ಮರುದಿನವೇ ಇಬ್ಬರೂ ಪಟ್ಟಣದಲ್ಲಿರುವ ಕಂಪನಿಯ ಕಚೇರಿಗೆ ಹೋದೆವು.

“ತಗೋ ಮಗಾ, ನಿನ್ನ ಸೊಪ್ಪು,” ಎಂದರು ದೊಡ್ಡಮ್ಮ. “ಗೋಡೆ ಎತ್ತರ ಮಾಡೋದು ನಂಗೆ ಒಪ್ಪಿಗೆ ಇಲ್ಲ.”

ಟ್ಯಾನರ್ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. “ಅಜ್ಜಿ, ಅದು ನಿಮ್ದು. ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ನಿಮ್ಗೇ ಅವಮಾನ ಅಲ್ವಾ? ನಮ್ಗೆ ಹಾಗೇ ಹೇಳ್ಕೊಟ್ಟಿದ್ದಾರೆ.”

“ಯಾರು ಹೇಳ್ಕೊಟ್ಟೋರು?”

ಅವನು ನನ್ನ ಕಡೆ ನೋಡಿದ.

ಹಿಂದಕ್ಕೆ ಕೇಳಬಾರದು ಎಂದಿದ್ದೆ. ಹಿಂದಿರುಗಿಸಿದರೆ ಪಡೆಯಲೇಬೇಕು ಎನ್ನುವುದನ್ನು ಹೇಳಿರಲಿಲ್ಲ. ಚಾಚಿದ ಹಿರಿಯರ ಕೈಯನ್ನು ಹಾಗೆಯೇ ಗಾಳಿಯಲ್ಲಿ ಬಿಟ್ಟವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಣದ್ದನ್ನು ಹೇಗೆ ಕಲಿಸಲಿ?

ಬರುವ ದಾರಿಯಲ್ಲಿ ದೊಡ್ಡಮ್ಮ ನನ್ನನ್ನು ಬಯ್ಯಲಿಲ್ಲ. “ಗೋಡೆ ಒಡೆದ್ರೆ ಸಾಯ್ತೀನಿ, ಅದು ಹೋಗ್ಲಿ. ನಾನು ಹೂಂ ಅಂದಿದ್ದಕ್ಕೇ ಒಡೀತು ಅಂತ ಆದ್ರೆ, ಆ ಕಡೆ ಹೋಗಿ ನಿಮ್ಮಮ್ಮನ ಮುಖ ಹೇಗೆ ನೋಡ್ಲಿ ಹೇಳು,” ಎಂದರು ಅಷ್ಟೇ.

ತೀರಿಹೋದ ಇಬ್ಬರು ಹಿರಿಯರ ಮನೆಗಳಲ್ಲಿ ಆ ಪೊಟ್ಟಣಗಳು ಇನ್ನೂ ಇವೆ. ಮಕ್ಕಳು ಅವನ್ನು ಮುಟ್ಟಲು ಹೆದರುತ್ತಾರೆ.

ಕಳೆದ ವಾರ ಅಂಬ್ರೋಸ್ ಮಾವ ಬಲೆ ನೋಡಿ ಬಂದು, ಬೂಟು ಕಳಚದೆ ನಮ್ಮ ಹೊಸ್ತಿಲಲ್ಲೇ ನಿಂತರು. “ಮೈನಸ್ ಮೂವತ್ತು, ಎಲ್ಲಾ ಕಲ್ಲಾಗಿದೆ. ಗೋಡೆ ಬುಡದಲ್ಲಿ ಒಂದು ಜಾಗ ಮಾತ್ರ ಬೆವರ್ತಾ ಇದೆ ಕಣೇ ವರ್ನಾ. ಮಂಚದಷ್ಟು ಅಗಲ. ಹಳ್ಳದಲ್ಲಿ ಹಲ್ಲಿಂದಲೇ ಮರ ಕಡಿದು ಒಡ್ಡು ಕಟ್ಟೋ ಬೀವರ್‌ಗಳ ಮನೆ ಖಾಲಿ. ಚಳಿಗಾಲದ ನಡುವೆ ಬೀವರ್ ಮನೆ ಬಿಟ್ಟಿದ್ದನ್ನ ನಮ್ಮಪ್ಪನೂ ನೋಡಿರ್ಲಿಲ್ಲ. ಅವು ಯಾರ ಹತ್ರನೂ ಸೊಪ್ಪು ಇಸ್ಕೊಂಡಿರ್ಲಿಲ್ಲ ನೋಡು, ಹೊರಟ್ಹೋದ್ವು.”

ನಗು ಬರಲಿಲ್ಲ. ಅವರಿಗೂ ಬರಲಿಲ್ಲ. ಈ ವಿಷಯ ಅಂದೇ ನಿಮ್ಮ ಕಚೇರಿಗೆ ತಿಳಿಸಿದೆ. ‘ನಿಮ್ಮ ಕಾಳಜಿಯನ್ನು ದಾಖಲಿಸಿಕೊಳ್ಳಲಾಗಿದೆ’ ಎಂಬ ಉತ್ತರ ಬಂತು. ಅದಾದ ಎರಡು ದಿನಕ್ಕೆ ಮಣ್ಣು ಹೊರುವ ಲಾರಿಗಳು ಬಂದು ಗೋಡೆಯ ಬಳಿ ಸಾಲಾಗಿ ನಿಂತಿವೆ.

ಆದ್ದರಿಂದ, ನಿರ್ದೇಶಕರೇ, ವಿನಂತಿ ಎನ್ನುವ ಮಾತನ್ನು ಬಿಟ್ಟು ನೇರವಾಗಿ ಹೇಳುತ್ತೇನೆ. ಆ ತೇವದ ಜಾಗವನ್ನು ಕಂಪನಿಗೆ ಸೇರದ ಎಂಜಿನಿಯರರಿಂದ ಈ ವಾರವೇ ಪರೀಕ್ಷೆ ಮಾಡಿಸಿ. ಸರೋವರದ ಮಂಜುಗಡ್ಡೆ ಒಡೆಯುವ ಮೊದಲು ಕಂಪನಿಯವರನ್ನು ಕರೆದುಕೊಂಡು ನಮ್ಮ ಸಭಾಂಗಣಕ್ಕೆ ಬನ್ನಿ. ಹನ್ನೊಂದು ಪೊಟ್ಟಣಗಳನ್ನು ಹಿರಿಯರ ಕೈಯಿಂದ, ಎರಡನ್ನು ತೀರಿಹೋದವರ ಮಕ್ಕಳ ಕೈಯಿಂದ ಕಂಪನಿಯವರು ನಿಮ್ಮ ಕಣ್ಣೆದುರೇ ಪಡೆಯಲಿ. ಆ ಪುಟವನ್ನು ಕಡತದಿಂದ ತೆಗೆಯಿರಿ. ಆಮೇಲೂ ಗೋಡೆ ಎತ್ತರಿಸಲೇಬೇಕೆಂದಿದ್ದರೆ ಬಾಯಿಬಿಟ್ಟು ಕೇಳಿ, ಉತ್ತರ ಬರುವವರೆಗೂ ಕಾಯಿರಿ. ಅಲ್ಲಿಯವರೆಗೆ ಅದರ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು.

ಬರುವ ಸೋಮವಾರ ಬೆಳಗಿನಿಂದ ದೊಡ್ಡಮ್ಮ ಲಾರಿಗಳು ಹೊರಡುವ ದಾರಿಯ ನಡುವೆ ಕುರ್ಚಿ ಹಾಕಿಕೊಂಡು, ಆ ಪೊಟ್ಟಣ ಹಿಡಿದ ಕೈ ಚಾಚಿ ಕೂರುತ್ತಾರೆ. ಆ ಜಾಗ ಗೋಡೆಯ ಬುಡದಲ್ಲೇ ಇದೆ, ಬೇಡ ಎಂದು ಬೇಡಿಕೊಂಡೆ. “ಕೊಟ್ಟೋರು ಓಡಾಡೋ ದಾರಿ ಅದೊಂದೇ ತಾನೆ?” ಎಂದರು. ಅವರ ಪಕ್ಕದಲ್ಲಿ ನನ್ನದೂ ಒಂದು ಕುರ್ಚಿ ಇರುತ್ತದೆ.

ಇಂತಿ,
ಗೋಡೆಯ ಕೆಳಬದಿಯಿಂದ,
ಅರ್ಧ ಪಾಠ ಮಾತ್ರ ಹೇಳಿಕೊಟ್ಟ ಶಿಕ್ಷಕಿ,
ವರ್ನಾ ಕೀಸಿಕ್
ಓಗಾ ಸರೋವರ, ಉತ್ತರ ಕೆನಡಾ